ನರಿಗೆ ಕೊಂಬು ಮೂಡಿದ ಬಗೆ: ಒಂದು ಮಾತು, ಒಂದು ತಲೆಬುರುಡೆ, ಒಂದು ಮಾರುಕಟ್ಟೆ

ಭಾರತೀಯ ತರ್ಕಶಾಸ್ತ್ರದ ಪರಿಚಯವುಳ್ಳವರಿಗೆ ‘ಶಶವಿಷಾಣ’ ಎಂಬ ಮಾತು ಹೊಸದಲ್ಲ. ಶಶವೆಂದರೆ ಮೊಲ, ವಿಷಾಣವೆಂದರೆ ಕೊಂಬು. ಆಕಾಶದ ಹೂವು, ಬಂಜೆಯ ಮಗ ಎಂಬ ಮಾತುಗಳ ಜೊತೆಗೆ ಮೊಲದ ಕೊಂಬನ್ನೂ ನಮ್ಮ ಪ್ರಾಚೀನರು ಉದಾಹರಣೆಯಾಗಿ ಬಳಸಿದರು. ಹೆಸರು ಇದ್ದ ಮಾತ್ರಕ್ಕೆ ವಸ್ತು ಇರಬೇಕೆಂದೇನೂ ಇಲ್ಲ, ಪದ ಬೇರೆ, ಪದಾರ್ಥ ಬೇರೆ ಎಂಬುದು ಆ ಉದಾಹರಣೆಗಳ ತಾತ್ಪರ್ಯ. ಮೊಲದ ಕೊಂಬನ್ನು ಯಾರೂ ಸಂತೆಗೆ ತಂದು ಮಾರಲಿಲ್ಲ. ಯಾರೂ ಹಣ ಕೊಟ್ಟು ಕೊಳ್ಳಲಿಲ್ಲ. ಅದು ಶಾಸ್ತ್ರದ ಪುಟಗಳಲ್ಲಿಯೇ ಉಳಿಯಿತು.

ನರಿಯ ಕೊಂಬಿನ ಕತೆ ಹಾಗಲ್ಲ. ಮೊಲಕ್ಕೆ ಹೇಗೆ ಕೊಂಬಿಲ್ಲವೋ ನರಿಗೂ ಹಾಗೆಯೇ ಕೊಂಬಿಲ್ಲ. ಆದರೂ ‘ನರಿಕೊಂಬು’ ಎಂಬ ವಸ್ತು ದಕ್ಷಿಣ ಭಾರತದಲ್ಲಿಯೂ ಶ್ರೀಲಂಕೆಯಲ್ಲಿಯೂ ಬಹುಕಾಲದಿಂದ ಮಾರಾಟವಾಗಿದೆ; ಉತ್ತರ ಭಾರತದಲ್ಲಿ ‘ಸಿಯಾರ್ ಸಿಂಗಿ’, ‘ಗೀದಡ್ ಸಿಂಗಿ’ ಎಂಬ ಹೆಸರುಗಳಲ್ಲಿ ಇಂದಿಗೂ ಗುಟ್ಟಾಗಿ ಕೈಬದಲಾಗುತ್ತದೆ. ಇಲ್ಲದ ವಸ್ತುವನ್ನು ಮಾರಬೇಕಾದರೆ ಅದನ್ನು ಮೊದಲು ಮಾಡಬೇಕು. ನರಿಕೊಂಬನ್ನು ಮಾಡುವುದು ನರಿಯ ತಲೆಬುರುಡೆಯಿಂದ. ಬಲೆಗೆ ಬಿದ್ದ ಪ್ರಾಣಿಯೊಂದರ ತಲೆಬುರುಡೆ ಯಾವ ನಂಬಿಕೆಯ ಬಲದಿಂದ ಸರಕಾಯಿತು, ಆ ಸರಕಿನ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ಜಾನಪದವನ್ನೂ ಭಾಷಾವಿಜ್ಞಾನವನ್ನೂ ಪಠ್ಯವಾಗಿ ಓದುವ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಈ ವ್ಯಾಪಾರದ ಬೇರು ಇರುವುದು ಒಂದು ಮಾತಿನಲ್ಲಿ. ಮಾತಿನ ಬೇರನ್ನು ಹುಡುಕುವುದು ನಮ್ಮದೇ ಕೆಲಸವಲ್ಲವೆ?

ಎರಡು ನುಡಿಗಳ ನಡುವಿನ ನರಿ

ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳು ಹಿಂದೆ ಮಧುರೆ ಜಿಲ್ಲೆಯ ಭಾಗಗಳಾಗಿದ್ದವು. ದಿಂಡಿಗಲ್ 1985ರಲ್ಲಿಯೂ ತೇನಿ 1996ರಲ್ಲಿಯೂ ಬೇರೆಯಾದವು. ತೇನಿಯ ದಕ್ಷಿಣಕ್ಕೆ, ಪಶ್ಚಿಮಘಟ್ಟದ ಸಾಲಿಗೂ ವರುಷನಾಡು ಬೆಟ್ಟಗಳಿಗೂ ನಡುವೆ ಹರಡಿರುವುದು ಕಂಬಂ ಕಣಿವೆ. ಈ ಸೀಮೆಗೆ ಕನ್ನಡದ ನಂಟು ಹಳೆಯದು. ಕಣಿವೆಯಲ್ಲಿ ನೆಲೆಸಿರುವ ಕಾಪ್ಪಿಲಿಯರು ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದ ಬೇಸಾಯಗಾರರು. ಅವರು ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ದನದ ಮಂದೆಯನ್ನು ‘ದೇವರು ಆವು’ ಎಂಬ ಅಚ್ಚಗನ್ನಡದ ಹೆಸರಿನಿಂದಲೇ ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ಬರಹಗಾರರು ದಾಖಲಿಸಿದ್ದಾರೆ. ರಾಜಕೀಯ ನಂಟೂ ಇತ್ತು: 1755ರಲ್ಲಿ ಹೈದರ್ ಅಲಿ ದಿಂಡಿಗಲ್ಲಿನ ಫೌಜುದಾರನಾದನು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಆ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟನು. ಹೀಗೆ ಜನರೂ ಸೈನ್ಯಗಳೂ ಓಡಾಡಿದ ದಾರಿಯಲ್ಲಿ ನುಡಿಗಟ್ಟುಗಳೂ ಓಡಾಡಿರುವುದು ಸಹಜ.

‘ನರಿ’ ಮತ್ತು ‘ಕೊಂಬು’ ಎಂಬ ಎರಡು ಪದಗಳೂ ಕನ್ನಡಕ್ಕೂ ತಮಿಳಿಗೂ ಸಮಾನವಾದವು. ಆದ್ದರಿಂದ ‘ನರಿಕೊಂಬು’ ಎಂಬ ಸಮಾಸವನ್ನು ಎರಡು ಭಾಷೆಯವರೂ ಅನುವಾದದ ನೆರವಿಲ್ಲದೆ ತಿಳಿಯಬಲ್ಲರು. ಸಮಾನವಾದುದು ಪದ ಮಾತ್ರವಲ್ಲ, ಅದರ ಹಿಂದಿರುವ ನಂಬಿಕೆಯೂ ಹೌದು. ಎಣಿಸದೆ ಲಾಭವಾದವನನ್ನು ಕುರಿತು ‘ಬೆಳಗ್ಗೆ ಎದ್ದು ನರಿಯ ಮುಖ ನೋಡಿರಬೇಕು’ ಎಂದು ಕನ್ನಡದಲ್ಲಿ ಹೇಳುತ್ತೇವೆ. ತಮಿಳಿನಲ್ಲಿಯೂ ನರಿಯ ಮುಖದಲ್ಲಿ ಕಣ್ಣು ತೆರೆದವನು ಭಾಗ್ಯವಂತ ಎಂಬ ನುಡಿಗಟ್ಟು ಇದೆ. ಸೇಲಂ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಪೊಂಗಲಿನ ಸಮಯದಲ್ಲಿ ನರಿಯನ್ನು ಬಲೆಯಿಂದ ಹಿಡಿದು ತಂದು ಊರವರಿಗೆಲ್ಲ ಅದರ ಮುಖದರ್ಶನ ಮಾಡಿಸುವ ವಾಡಿಕೆ ಬೆಳೆದುಬಂದದ್ದು ಇದೇ ನಂಬಿಕೆಯಿಂದ; ಅರಣ್ಯ ಇಲಾಖೆ ಅದನ್ನು ಈಗ ತಡೆಯುತ್ತಿದೆ.

ಈ ನಂಬಿಕೆ ಒಂದು ವಿರೋಧಾಭಾಸವನ್ನು ಒಳಗೊಂಡಿದೆ. ನಮ್ಮ ಸಾಹಿತ್ಯದಲ್ಲಿ ನರಿಗೆ ಒಳ್ಳೆಯ ಹೆಸರೇನೂ ಇಲ್ಲ. ಹಳಗನ್ನಡದಲ್ಲಿ ‘ಬಳ್ಳು’ ಎಂದೂ ಸಂಸ್ಕೃತದಲ್ಲಿ ಜಂಬುಕ, ಸೃಗಾಲ ಎಂದೂ ಕರೆಸಿಕೊಂಡ ಈ ಪ್ರಾಣಿ ಯುದ್ಧವರ್ಣನೆಗಳಲ್ಲಿ ರಣಭೂಮಿಯ ಹೆಣಗಳ ನಡುವೆ ಸುಳಿಯುತ್ತದೆ. ಜಗದೇಕಮಲ್ಲ ಜಯಸಿಂಹನ ಕಾಲದಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನ ‘ಪಂಚತಂತ್ರ’ದಲ್ಲಿ ಸ್ನೇಹವನ್ನು ಮುರಿಯುವ ಮಂತ್ರಿಗಳು ನರಿಗಳೇ. ‘ನರಿಬುದ್ಧಿ’ ಎಂದರೆ ಬೈಗುಳ. ಕಾಣುವ ಮುಖ ಮಂಗಳಕರ, ಒಳಗಿನ ಬುದ್ಧಿ ಕಪಟ ಎಂಬ ಈ ಎರಡು ಎಳೆಗಳು ಒಂದೇ ಪ್ರಾಣಿಯಲ್ಲಿ ಹೆಣೆದುಕೊಂಡಿವೆ.

ಮಧುರೆಯ ಸ್ಥಳಪುರಾಣದಲ್ಲಿ ಈ ಎರಡೂ ಎಳೆಗಳು ಒಟ್ಟಿಗೆ ಬರುತ್ತವೆ. ಪಾಂಡ್ಯರಾಜನ ಮಂತ್ರಿಯಾಗಿದ್ದ ಮಾಣಿಕ್ಯವಾಚಕರು ಕುದುರೆ ಕೊಳ್ಳಲು ಕೊಟ್ಟ ಹಣವನ್ನು ಶಿವಾಲಯಕ್ಕೆ ವಿನಿಯೋಗಿಸುತ್ತಾರೆ. ಭಕ್ತನನ್ನು ಕಾಯಲು ಶಿವನು ಕಾಡಿನ ನರಿಗಳನ್ನು ಕುದುರೆಗಳನ್ನಾಗಿ ಮಾಡಿ ರಾಜನಿಗೆ ಒಪ್ಪಿಸುತ್ತಾನೆ. ರಾತ್ರಿಯಾದೊಡನೆ ಕುದುರೆಗಳು ಮತ್ತೆ ನರಿಗಳಾಗಿ ಊಳಿಡುತ್ತವೆ. ಶಿವನ ಅರವತ್ತನಾಲ್ಕು ಲೀಲೆಗಳಲ್ಲಿ ಒಂದಾದ ಇದನ್ನು ಮಧುರೆಯ ಉತ್ಸವದಲ್ಲಿ ಪ್ರತಿ ವರ್ಷ ಆಚರಿಸುತ್ತಾರೆ. ಭಕ್ತಿಯ ದೃಷ್ಟಿಯಿಂದ ಇದು ಪವಾಡ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ, ಬೆಲೆಬಾಳುವ ಸರಕೆಂದು ಒಪ್ಪಿಸಿಕೊಂಡದ್ದು ಬೆಳಗಾಗುವುದರೊಳಗೆ ಬರಿಯ ನರಿಯಾಗಿ ಉಳಿದ ಕತೆ.

ತಲೆಬುರುಡೆ ಏನನ್ನು ಹೇಳುತ್ತದೆ?

ಕೊಂಬು ಎಂದರೇನು ಎಂಬುದನ್ನು ಮೊದಲು ತಿಳಿಯೋಣ. ಹಸು, ಎಮ್ಮೆ, ಆಡು, ಕಾಟಿಗಳ ಹಣೆಯೆಲುಬಿನಿಂದ ಒಂದು ಎಲುಬಿನ ತಿರುಳು ಬೆಳೆಯುತ್ತದೆ. ನಮ್ಮ ಉಗುರಿನ ದ್ರವ್ಯದಿಂದಲೇ ಆದ ಗಟ್ಟಿಯಾದ ಕವಚ ಅದನ್ನು ಮುಚ್ಚುತ್ತದೆ. ಇದು ಕೊಂಬು, ಒಮ್ಮೆ ಮೂಡಿದರೆ ಬಾಳಿನುದ್ದಕ್ಕೂ ಇರುತ್ತದೆ. ಜಿಂಕೆ, ಕಡವೆಗಳದು ಬೇರೆ ಬಗೆ. ಅವುಗಳ ಕವಲುಗೊಂಬು ಪೂರ್ತಿ ಎಲುಬಿನದು. ಉದುರಿ ಮತ್ತೆ ಮೂಡುತ್ತದೆ. ನಾಯಿ, ತೋಳ, ನರಿಗಳ ಕುಲದಲ್ಲಿ ಈ ಎರಡು ಬಗೆಗಳಲ್ಲಿ ಒಂದೂ ಇಲ್ಲ. ಪೆಟ್ಟು ಬಿದ್ದ ಎಲುಬು ಗಂಟುಕಟ್ಟಿ ಬೆಳೆಯಬಹುದು. ಅದು ಗಾಯದ ಗುರುತೇ ಹೊರತು ಕೊಂಬಲ್ಲ.

ನರಿಯ ತಲೆಬುರುಡೆಯನ್ನು ನೋಡಿದರೆ ಆ ಪ್ರಾಣಿಯ ಬದುಕು ತಿಳಿಯುತ್ತದೆ. ಮೇಲಿನ ದವಡೆಯಲ್ಲಿ 20, ಕೆಳಗಿನ ದವಡೆಯಲ್ಲಿ 22, ಒಟ್ಟು 42 ಹಲ್ಲುಗಳು. ಬೆಕ್ಕಿನ ಕುಲದಲ್ಲಿ ಸಾಮಾನ್ಯವಾಗಿ 30. ಬೆಕ್ಕು ಬರಿಯ ಮಾಂಸಾಹಾರಿಯಾದ್ದರಿಂದ ಅರೆಯುವ ಹಲ್ಲುಗಳು ಅದಕ್ಕೆ ಹೆಚ್ಚಾಗಿ ಬೇಕಿಲ್ಲ. ನರಿ ಇಲಿಯನ್ನೂ ತಿನ್ನುತ್ತದೆ, ಸತ್ತ ದನವನ್ನೂ ತಿನ್ನುತ್ತದೆ, ಉದುರಿದ ಹಣ್ಣನ್ನೂ ತಿನ್ನುತ್ತದೆ. ಆದ್ದರಿಂದ ಕತ್ತರಿಸುವ ಹಲ್ಲುಗಳ ಹಿಂದೆ ಅರೆಯುವ ಹಲ್ಲುಗಳೂ ಇವೆ. ದ್ರಾಕ್ಷಿ ಎಟುಕದ ನರಿಯ ಕತೆಯನ್ನು ಕೇಳಿ ಬೆಳೆದವರಿಗೆ, ದ್ರಾಕ್ಷಿಗೆ ಹೆಸರಾದ ಕಂಬಂ ಕಣಿವೆಯ ಸೀಮೆಯಲ್ಲಿ ಕುಳಿತು ಈ ಹಲ್ಲುಗಳ ಲೆಕ್ಕವನ್ನು ಓದುವಾಗ ನಗು ಬರಬಹುದು. ನರಿ ಹಣ್ಣು ತಿನ್ನುವುದು ಕಟ್ಟುಕತೆಯಲ್ಲ.

ತಲೆಬುರುಡೆಯ ನೆತ್ತಿಯ ನಡುವೆ, ಮುಂದಿನಿಂದ ಹಿಂದಕ್ಕೆ, ಎಲುಬಿನ ಸಣ್ಣ ಏಣೊಂದು ಸಾಗುತ್ತದೆ. ದವಡೆಯನ್ನು ಮುಚ್ಚುವ ಬಲವಾದ ಸ್ನಾಯುಗಳು ಅಂಟಿಕೊಳ್ಳುವುದು ಇಲ್ಲಿ. ಹಿಂದಲೆಯಲ್ಲಿ ಅಡ್ಡಲಾಗಿ ಇನ್ನೊಂದು ಏಣು ಇದೆ. ಕತ್ತಿನ ಸ್ನಾಯುಗಳು ಅಲ್ಲಿ ಸೇರುತ್ತವೆ. ಈ ಎರಡು ಏಣುಗಳು ಕೂಡುವ ಹಿಂದಲೆಯ ತುದಿ ಸಹಜವಾಗಿಯೇ ಸ್ವಲ್ಪ ಚೂಪಾಗಿ ಹೊರಚಾಚಿರುತ್ತದೆ. ಕಚ್ಚುವ, ಎಳೆಯುವ ಪ್ರಾಣಿಗೆ ಬೇಕಾದ ರಚನೆ ಅದು. ನರಿಕೊಂಬು ಹುಟ್ಟುವುದು ಈ ತುದಿಯಲ್ಲಿಯೇ.

ಕೊಂಬನ್ನು ಮಾಡಿದ ಬಗೆ

ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ನೆರವಿನಿಂದ ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದನು. ಕಾಪ್ಪಿಲಿಯರ ವಿವರ ಬರುವ ಅದೇ ಗ್ರಂಥದಲ್ಲಿ ‘ಕುರುವಿಕ್ಕಾರರ್’ ಎಂಬ ಅಲೆಮಾರಿ ಸಮುದಾಯದ ವಿವರವೂ ಇದೆ. ‘ಕುರುವಿ’ ಎಂದರೆ ತಮಿಳಿನಲ್ಲಿ ಸಣ್ಣ ಹಕ್ಕಿ. ಹಕ್ಕಿ ಹಿಡಿಯುವವರಾದ್ದರಿಂದ ಆ ಹೆಸರು. ನರಿಯನ್ನು ಹಿಡಿಯುವುದರಿಂದ ‘ನರಿಕ್ಕುರವರ್’ ಎಂಬ ಹೆಸರೂ ಬಂತು.

ಥರ್ಸ್ಟನ್ ಕೊಡುವ ವಿವರದ ಸಾರ ಹೀಗಿದೆ. ಬಲೆಯಿಂದ ಆವರಣವೊಂದನ್ನು ಮಾಡಿ ಅದರೊಳಗೆ ಒಬ್ಬನು ದೊಡ್ಡ ಕೋಲು ಹಿಡಿದು ಕುಳಿತುಕೊಳ್ಳುತ್ತಾನೆ. ಅವನು ನರಿಯ ಕೂಗನ್ನು ಅದರಂತೆಯೇ ಕೂಗುತ್ತಾನೆ. ತಮ್ಮವರಲ್ಲಿ ಯಾರಿಗೆ ಏನಾಯಿತೋ ಎಂದು ನರಿಗಳು ಓಡಿಬರುತ್ತವೆ. ಕೋಲಿನ ಪೆಟ್ಟಿಗೆ ಸಿಕ್ಕುತ್ತವೆ. ಕೊಂಬನ್ನು ಮಾಡುವುದು ಆ ಬಳಿಕ. ಮಿದುಳನ್ನು ತೆಗೆದು, ಹಿಂದಲೆಯ ಸ್ವಲ್ಪ ಭಾಗದಲ್ಲಿ ಚರ್ಮವನ್ನು ಬಿಡಿಸಿ, ಏಣುಗಳು ಕೂಡುವಲ್ಲಿ ಸುತ್ತಲಿನ ಎಲುಬನ್ನು ಅರದಿಂದ ಉಜ್ಜಿ ಸವೆಸುತ್ತಾರೆ. ನಡುವೆ ಮೊನೆಯೊಂದು ಮಾತ್ರ ಉಳಿಯುತ್ತದೆ. ಬಿಡಿಸಿದ ಚರ್ಮವನ್ನು ಮತ್ತೆ ಎಳೆದು ಆ ಮೊನೆಯ ಮೇಲೆ ಅಂಟಿಸುತ್ತಾರೆ. ಕೂದಲಿನ ಮರೆಯಲ್ಲಿ ಪುಟ್ಟ ಕೊಂಬೊಂದು ಮೂಡಿದಂತೆ ಕಾಣುತ್ತದೆ. ಕೆಲವೊಮ್ಮೆ ಚರ್ಮಸಹಿತವಾಗಿ ಇಡೀ ತಲೆಯನ್ನೇ ಮಾರುತ್ತಿದ್ದರು ಎಂದೂ ಅವನು ಬರೆದಿದ್ದಾನೆ; ತಲೆಯೇ ಎದುರಿಗಿದ್ದರೆ ಕೊಂಬು ಎಲ್ಲಿಯದು ಎಂಬ ಅನುಮಾನ ಕೊಳ್ಳುವವನಿಗೆ ಬಾರದಷ್ಟೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೊಂಬು ಎಂಬುದನ್ನು ತಲೆಬುರುಡೆಗೆ ಸೇರಿಸಿಲ್ಲ, ತಲೆಬುರುಡೆಯಿಂದ ಕಳೆದಿದ್ದಾರೆ. ಇದ್ದ ಎಲುಬನ್ನು ಸವೆಸಿ ಇಲ್ಲದ ಕೊಂಬನ್ನು ತೋರಿಸುವ ಈ ಕೈಕೆಲಸಕ್ಕೆ ಅಂಗರಚನೆಯ ನಿಖರವಾದ ತಿಳಿವಳಿಕೆ ಬೇಕು. ಯಾವ ಏಣು ಎಲ್ಲಿ ಕೂಡುತ್ತದೆ ಎಂಬುದನ್ನು ಅಕ್ಷರ ಕಲಿಯದ ಬೇಟೆಗಾರನು ಕೈಯಿಂದಲೇ ಬಲ್ಲವನಾಗಿದ್ದನು. ವಸ್ತುಸಂಗ್ರಹಾಲಯದ ವಿದ್ವಾಂಸನಿಗಿಂತ ಅವನ ತಿಳಿವಳಿಕೆ ಕಡಿಮೆಯದಲ್ಲ; ಅದು ಹರಿದ ದಿಕ್ಕು ಮಾತ್ರ ಬೇರೆ.

ಥರ್ಸ್ಟನ್ನನ ಬರಹವನ್ನು ಓದುವಾಗ ಎಚ್ಚರವೂ ಬೇಕು. ಅವನು ನರಿಯ ತಲೆಯನ್ನು ಮಾತ್ರ ವರ್ಣಿಸಿದವನಲ್ಲ. ಮನುಷ್ಯರ ತಲೆಗಳನ್ನೂ ಮೂಗುಗಳನ್ನೂ ಉಪಕರಣಗಳಿಂದ ಅಳೆದು ಜಾತಿಗಳನ್ನು ವಿಂಗಡಿಸಬಹುದೆಂದು ನಂಬಿದ್ದ ಕಾಲದವನು. ತಾನು ಕಂಡದ್ದನ್ನು ವಿವರಿಸುವಲ್ಲಿ ಅವನ ಬರಹಕ್ಕೆ ಬೆಲೆಯಿದೆ. ಇಡೀ ಸಮುದಾಯದ ಸ್ವಭಾವವನ್ನು ಕುರಿತು ತೀರ್ಪು ಕೊಡುವಲ್ಲಿ ಆ ಬೆಲೆಯಿಲ್ಲ.

ಕಟಕಟೆಯಲ್ಲಿ ಗೆದ್ದ ಕೊಂಬು

ಈ ಕೊಂಬನ್ನು ಜನ ಏಕೆ ಕೊಳ್ಳುತ್ತಿದ್ದರು? ಶ್ರೀಲಂಕೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಜೇಮ್ಸ್ ಎಮರ್ಸನ್ ಟೆನೆಂಟ್ 1861ರಲ್ಲಿ ಪ್ರಕಟಿಸಿದ ಆ ದ್ವೀಪದ ಪ್ರಾಣಿಗಳ ಕುರಿತ ಗ್ರಂಥದಲ್ಲಿ ಉತ್ತರವಿದೆ. ನರಿಗಳ ಹಿಂಡಿನ ನಾಯಕನ ತಲೆಯಲ್ಲಿ ಮಾತ್ರ ಅರ್ಧ ಅಂಗುಲದಷ್ಟು ಕೊಂಬು ಇರುತ್ತದೆ, ಅದನ್ನು ಪಡೆದವನ ಇಷ್ಟಾರ್ಥಗಳು ನೆರವೇರುತ್ತವೆ, ಒಡವೆಗಳ ಜೊತೆಗೆ ಅದನ್ನು ಇರಿಸಿದರೆ ಕಳ್ಳರ ಭಯವಿಲ್ಲ ಎಂದು ಸಿಂಹಳೀಯರೂ ತಮಿಳರೂ ನಂಬಿದ್ದರೆಂದು ಅವನು ಬರೆಯುತ್ತಾನೆ. ಅದಕ್ಕಿಂತಲೂ ದೊಡ್ಡ ಪ್ರಯೋಜನವೆಂದರೆ ನ್ಯಾಯಾಲಯದಲ್ಲಿ ಜಯ.

ಈ ಕುರಿತು ಟೆನೆಂಟ್ ಕೇಳಿದ ಪ್ರಸಂಗವೊಂದು ಮನನಯೋಗ್ಯವಾಗಿದೆ. ಮತ್ತೆ ಮತ್ತೆ ಸೋತಿದ್ದ ವಾದಿಯೊಬ್ಬನು ಕೊನೆಯ ವಿಚಾರಣೆಗೆ ಮೊದಲು ನರಿಕೊಂಬನ್ನು ಸಂಪಾದಿಸಿ ತನ್ನವರಿಗೆಲ್ಲ ತೋರಿಸಿದನು. ಸುದ್ದಿ ಹರಡಿತು. ಇಂಥ ವಸ್ತುವನ್ನು ಹೊಂದಿದವನ ವಿರುದ್ಧ ಯಾರೂ ಗೆಲ್ಲಲಾರರೆಂದು ಎದುರು ಪಕ್ಷದ ಸಾಕ್ಷಿಗಳು ಹೆದರಿ ತಮ್ಮ ಹೇಳಿಕೆಗಳನ್ನು ಬದಲಿಸಿದರು. ಅವನು ಮೊಕದ್ದಮೆಯನ್ನು ಗೆದ್ದನು.

ಹಾಗಾದರೆ ಕೊಂಬು ಕೆಲಸ ಮಾಡಿತೆ? ಮಾಡಿತು, ಆದರೆ ಮಾಡಿದ್ದು ಎಲುಬಿನ ಚೂರಲ್ಲ, ಅದರ ಕುರಿತ ಮಾತು. ಯಾರೂ ನಂಬದ ಊರಿನಲ್ಲಿ ಅದೇ ಕೊಂಬನ್ನು ತೋರಿಸಿದ್ದರೆ ಒಬ್ಬ ಸಾಕ್ಷಿಯೂ ನಡುಗುತ್ತಿರಲಿಲ್ಲ. ಪದಕ್ಕೆ ಅರ್ಥವನ್ನು ಕೊಡುವುದು ಸಮುದಾಯದ ಒಪ್ಪಿಗೆ ಎಂದು ಭಾಷಾವಿಜ್ಞಾನದಲ್ಲಿ ಓದುತ್ತೇವೆ. ನರಿಕೊಂಬಿಗೆ ಬೆಲೆಯನ್ನು ಕೊಟ್ಟದ್ದೂ ಅಂಥದೇ ಒಪ್ಪಿಗೆ. ಇದರಲ್ಲಿ ಆತಂಕದ ಸಂಗತಿಯೊಂದಿದೆ. ಅಂದು ಗೆದ್ದವನಿಗೆ ಅದು ಭಾಗ್ಯವೆನಿಸಿರಬಹುದು. ಸಾಕ್ಷಿಗಳು ಮೊದಲು ಹೇಳಿದ್ದು ಸತ್ಯವಾಗಿದ್ದರೆ ಎದುರಾಳಿಗೆ ಆದದ್ದು ಅನ್ಯಾಯ. ಮೂಢನಂಬಿಕೆಯಿಂದ ನಂಬಿದವನಿಗೊಬ್ಬನಿಗೇ ನಷ್ಟ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಮಾರಿದವರ ಪಾಡು

ನರಿಕೊಂಬಿನ ಕತೆಯನ್ನು ಹೇಳುವಾಗ ಮಾರಿದವರನ್ನು ವಂಚಕರೆಂದು ಹಳಿದು ಮುಗಿಸುವುದು ಸುಲಭ. ಆದರೆ ಕೊಳ್ಳುವವನಿಲ್ಲದೆ ಮಾರುವವನಿಲ್ಲ. ಜಮೀನಿಗಾಗಿ ಮೊಕದ್ದಮೆ ಹೂಡಿದವನೂ ಒಡವೆಗಳನ್ನು ಪೆಟ್ಟಿಗೆಯಲ್ಲಿಟ್ಟವನೂ ಊರೊಳಗೆ ಮನೆಯುಳ್ಳವರು. ಅವರಿಗಾಗಿ ನರಿಯನ್ನು ಕೊಂದವನು ಊರ ಹೊರಗೆ ಬಿಡಾರ ಹೂಡಿದವನು.

ತಮಿಳುನಾಡಿನ ನರಿಕ್ಕುರವರೂ ಕರ್ನಾಟಕದ ಹಕ್ಕಿಪಿಕ್ಕಿಗಳೂ ನುಡಿಯಿಂದ ಬಂಧುಗಳು. ಅವರ ಮನೆಮಾತು ವಾಗ್ರಿ ಬೋಲಿ. ಥರ್ಸ್ಟನ್ ಅದನ್ನು ಮರಾಠಿಯೆಂದು ಗುರುತಿಸಿದ್ದನು. ಅದು ಗುಜರಾತಿಗೆ ಹತ್ತಿರವಾದ ಇಂಡೋ-ಆರ್ಯನ್ ಭಾಷೆ ಎಂಬುದು ಈಚಿನ ತಿಳಿವಳಿಕೆ. ‘ವಾಗುರಾ’ ಎಂದರೆ ಸಂಸ್ಕೃತದಲ್ಲಿ ಬಲೆ. ‘ವಾಗ್ರಿ’ ಎಂಬ ಹೆಸರು ಆ ಪದದೊಡನೆ ಸಂಬಂಧವುಳ್ಳದ್ದೆಂದು ಹೇಳುತ್ತಾರೆ. ಬಲೆಯೇ ಕುಲದ ಹೆಸರಾದವರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬಲೆ ಬೀಸುವುದೇ ಅಪರಾಧವಾಯಿತು. ಪ್ರಾಣಿಗಳ ದೃಷ್ಟಿಯಿಂದ ಆ ಕಾಯಿದೆ ಅಗತ್ಯವಾಗಿತ್ತು. ಆದರೆ ಬೇಟೆಯನ್ನು ಬಿಟ್ಟವರು ಯಾವ ಕಸುಬನ್ನು ಹಿಡಿಯಬೇಕೆಂಬ ಪ್ರಶ್ನೆಗೆ ಕಾಯಿದೆಯ ಪುಟಗಳಲ್ಲಿ ಉತ್ತರವಿರಲಿಲ್ಲ. ಹೆಚ್ಚಿನವರು ಮಣಿಸರಗಳನ್ನು ಪೋಣಿಸಿ ಬಸ್ಸುನಿಲ್ದಾಣಗಳಲ್ಲಿ, ಯಾತ್ರಾಸ್ಥಳಗಳಲ್ಲಿ ಮಾರುವ ಬದುಕನ್ನು ಕಟ್ಟಿಕೊಂಡರು. ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದರೂ ತಮಿಳುನಾಡಿನಲ್ಲಿ ನರಿಕ್ಕುರವರಿಗೆ ಆ ಸ್ಥಾನವಿರಲಿಲ್ಲ. ಅವರನ್ನು ಆ ಪಟ್ಟಿಗೆ ಸೇರಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದ್ದು 2022ರ ಡಿಸೆಂಬರಿನಲ್ಲಿ. ಗಡಿಯ ಈಚೆ ಒಂದು ಹೆಸರು, ಆಚೆ ಇನ್ನೊಂದು ಹೆಸರು ಇದ್ದುದರಿಂದ ಒಂದೇ ನುಡಿಯ ಜನರ ಹಕ್ಕುಗಳಲ್ಲಿ ಇಷ್ಟು ಅಂತರ ಉಳಿದಿತ್ತು.

ನಿಜವಾದರೆ ಅಪರಾಧ, ಸುಳ್ಳಾದರೆ ವಂಚನೆ

ಇಂದು ನರಿಕೊಂಬನ್ನು ಮಾರುವವನ ಸ್ಥಿತಿ ವಿಚಿತ್ರವಾದುದು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ನರಿಗೆ ಇದೆ. 2022ರ ತಿದ್ದುಪಡಿ ಕಾಯಿದೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಕಾಡುಪ್ರಾಣಿಯ ಎಲುಬು, ಚರ್ಮ, ಹಲ್ಲು, ಉಗುರು, ಕೊಂಬು ಇವೆಲ್ಲವೂ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೂರನೆಯ ಅನುಬಂಧದಲ್ಲಿ ಭಾರತದ ಕೋರಿಕೆಯ ಮೇರೆಗೆ ನರಿಯ ಹೆಸರಿದೆ. ಆದ್ದರಿಂದ ಕೊಂಬನ್ನು ನಿಜವಾಗಿಯೂ ನರಿಯ ತಲೆಯಿಂದ ಮಾಡಿದ್ದರೆ ಅದು ವನ್ಯಜೀವಿ ಅಪರಾಧ. ನಾಯಿಯ ಇಲ್ಲವೆ ಬೇರೆ ಸಾಕುಪ್ರಾಣಿಯ ಚರ್ಮದ ಚೂರಿಗೆ ಎಲುಬನ್ನು ಅಂಟಿಸಿ ನರಿಯದೆಂದು ಮಾರಿದ್ದರೆ ಅದು ವಂಚನೆಯ ಅಪರಾಧ. ನಿಜವಾದ ನರಿಕೊಂಬು ಎಂಬುದು ಮೊದಲೇ ಇಲ್ಲವಾದ್ದರಿಂದ, ಪ್ರಾಣಿಯನ್ನು ಕೊಂದು ಮಾಡಿದ್ದರಲ್ಲಿಯೂ ವಂಚನೆ ಇದ್ದೇ ಇದೆ.

ಕೊಳ್ಳುವವನೂ ಕಾಯಿದೆಯ ಹೊರಗಿಲ್ಲ. ಹೊಲದ ಬದುವಿನಲ್ಲಿಯೋ ಕಾಡಿನ ಅಂಚಿನಲ್ಲಿಯೋ ತಾನಾಗಿ ಸತ್ತುಬಿದ್ದ ಕಾಡುಪ್ರಾಣಿಯ ತಲೆಬುರುಡೆಯೂ ಕಂಡವನ ಸೊತ್ತಲ್ಲ. ಕಾನೂನಿನ ಪ್ರಕಾರ ಅದು ಸರಕಾರದ ಸೊತ್ತು. ಕುತೂಹಲದಿಂದ ಮನೆಗೆ ತಂದಿಟ್ಟುಕೊಂಡರೂ ತೊಂದರೆಯೇ. ಕಂಡ ಸ್ಥಳವನ್ನೂ ದಿನವನ್ನೂ ಬರೆದುಕೊಂಡು, ಚಿತ್ರ ತೆಗೆದು, ಅರಣ್ಯ ಇಲಾಖೆಗೆ ತಿಳಿಸುವುದು ಸರಿಯಾದ ಕ್ರಮ.

ನರಿಯೂ ನಷ್ಟಕ್ಕೆ ಒಳಗಾದ ಪಕ್ಷವೇ. ಹೊಲದ ಇಲಿಗಳನ್ನು ತಿಂದು, ಸತ್ತ ದನವನ್ನು ತೆರವುಗೊಳಿಸಿ ಬೇಸಾಯಗಾರನಿಗೆ ನೆರವಾಗುವ ಪ್ರಾಣಿ ಅದು. ಅದರ ಕೊಂಬು ಭಾಗ್ಯವನ್ನು ತಂದ ದಾಖಲೆಯಿಲ್ಲ. ಜೀವಂತ ನರಿ ಇಲಿಯನ್ನು ತಿನ್ನುವುದನ್ನಂತೂ ಹೊಲದಲ್ಲಿಯೇ ಕಾಣಬಹುದು.

ತಲೆಬುರುಡೆಯ ಬೇರೆ ಬಾಳುಗಳು

ಪ್ರಾಣಿಗಳ ತಲೆಬುರುಡೆಯನ್ನು ಸಿದ್ಧಪಡಿಸುವ ಕೆಲಸ ಎಲ್ಲೆಡೆಯೂ ಮೋಸವಲ್ಲ. ಕೆನಡಾ, ಅಮೆರಿಕಗಳಲ್ಲಿ ತುಪ್ಪಳಕ್ಕಾಗಿ ಪ್ರಾಣಿಗಳನ್ನು ಹಿಡಿಯುವುದು ಇಂದಿಗೂ ಪರವಾನಗಿಯುಳ್ಳ ಕಸುಬು. 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿ ಬೆಳೆದದ್ದೇ ತುಪ್ಪಳದ ವ್ಯಾಪಾರದಿಂದ. ಚರ್ಮವನ್ನು ಮಾರಿದ ಮೇಲೆ ಉಳಿಯುವ ತಲೆಬುರುಡೆಯನ್ನು ಶುಚಿಗೊಳಿಸಿ ಶಾಲೆಗಳಿಗೂ ಸಂಗ್ರಾಹಕರಿಗೂ ಮಾರುವುದು ಅಲ್ಲಿ ಉಪಕಸುಬು. ತಿಂಗಳುಗಟ್ಟಲೆ ನೀರಿನಲ್ಲಿ ನೆನೆಸಿ ಮಾಂಸ ಕೊಳೆತು ಬಿಡುವಂತೆ ಮಾಡುವುದು, ಒಣಮಾಂಸವನ್ನು ತಿನ್ನುವ ಒಂದು ಬಗೆಯ ಜೀರುಂಡೆಗಳ ಮರಿಗಳಿಗೆ ಒಪ್ಪಿಸುವುದು, ಹದವಾದ ಬಿಸಿನೀರಿನಲ್ಲಿ ಬೇಯಿಸುವುದು ಇವು ಮುಖ್ಯ ವಿಧಾನಗಳು. ಬಳಿಕ ಎಲುಬಿನೊಳಗಿನ ಜಿಡ್ಡನ್ನು ತೆಗೆದು ಹೈಡ್ರೋಜನ್ ಪೆರಾಕ್ಸೈಡಿನಿಂದ ಬೆಳ್ಳಗಾಗಿಸುತ್ತಾರೆ. ಬಟ್ಟೆಗೆ ಬಳಸುವ ಬ್ಲೀಚನ್ನು ಹಾಕಿದರೆ ಎಲುಬು ಪುಡಿಯಾಗುತ್ತದೆ. ಕೆಲವು ಪ್ರಾಣಿಗಳ ಹಲ್ಲನ್ನೋ ದವಡೆಯನ್ನೋ ವನ್ಯಜೀವಿ ಇಲಾಖೆಗೆ ಒಪ್ಪಿಸಬೇಕೆಂಬ ನಿಯಮವೂ ಕೆಲವೆಡೆ ಇದೆ. ಹಲ್ಲಿನ ಪದರಗಳಿಂದ ಪ್ರಾಣಿಯ ವಯಸ್ಸನ್ನು ಎಣಿಸುತ್ತಾರೆ.

ನಮ್ಮ ಮೈಸೂರಿನಲ್ಲಿಯೂ ಈ ವಿದ್ಯೆ ಉದ್ಯಮವಾಗಿ ಬೆಳೆದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಿಂದ ಆ ಶತಮಾನ ಮುಗಿಯುವವರೆಗೂ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ರಾಜರೂ ಇಂಗ್ಲಿಷರೂ ಬೇಟೆಯಾಡಿದ ಹುಲಿ, ಚಿರತೆಗಳ ತಲೆಗಳನ್ನು ಜೀವಕಳೆ ತುಂಬಿ ಸಿದ್ಧಪಡಿಸಿಕೊಡುತ್ತಿತ್ತು. ಅಲೆಮಾರಿಯ ನರಿತಲೆ ಭಾಗ್ಯದ ಹೆಸರಿನಲ್ಲಿ ಮಾರಾಟವಾದರೆ ಅರಮನೆಯ ಹುಲಿತಲೆ ಶೌರ್ಯದ ಹೆಸರಿನಲ್ಲಿ ಗೋಡೆಯನ್ನೇರಿತು. ಒಂದನ್ನು ಮೂಢನಂಬಿಕೆಯೆಂದೂ ಇನ್ನೊಂದನ್ನು ಅಭಿರುಚಿಯೆಂದೂ ಕರೆದ ಕಾಲ ಅದು. ವನ್ಯಜೀವಿ ಸಂರಕ್ಷಣಾ ಕಾಯಿದೆ ಈಗ ಎರಡಕ್ಕೂ ಅನ್ವಯಿಸುತ್ತದೆ.

ಮೂರನೆಯ ದಾರಿಯೊಂದು ದಿಂಡಿಗಲ್ ಜಿಲ್ಲೆಯಲ್ಲಿಯೇ ಕಾಣುತ್ತದೆ. ಕೊಡೈಕೆನಾಲಿನ ಶೆಂಬಗನೂರಿನಲ್ಲಿ 1895ರಲ್ಲಿ ಆರಂಭವಾದ ಜೆಸ್ಯುಯಿಟರ ಸೇಕ್ರೆಡ್ ಹಾರ್ಟ್ ಕಾಲೇಜಿನ ಸಂಗ್ರಹಾಲಯದಲ್ಲಿ ಪಳನಿ ಬೆಟ್ಟಗಳ ಪ್ರಾಣಿ, ಪಕ್ಷಿ, ಕೀಟಗಳ ಮಾದರಿಗಳಿವೆ. ಅಲ್ಲಿ ಪ್ರಾಣಿಯ ದೇಹಕ್ಕೆ ಬೆಲೆ ಕಟ್ಟಿಲ್ಲ, ಹೆಸರು ಬರೆದಿದ್ದಾರೆ.

ಹೆಸರು ಬರೆಯುವುದರ ಮಹತ್ವಕ್ಕೆ ನಮಗೆ ಹತ್ತಿರದ ನಿದರ್ಶನವೊಂದಿದೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಭಾರತದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಿತು. ಸಂಗ್ರಹಿಸಿದ ಪ್ರತಿಯೊಂದು ಚರ್ಮ ಮತ್ತು ತಲೆಬುರುಡೆಯ ಜೊತೆಗೆ ಅದು ಸಿಕ್ಕಿದ ಸ್ಥಳ, ದಿನ, ಅಳತೆಗಳನ್ನು ದಾಖಲಿಸುವುದು ಅಂಥ ಸಂಗ್ರಹಗಳ ಕ್ರಮ. ಆ ಸಂಗ್ರಹವನ್ನು ಅಧ್ಯಯನ ಮಾಡಿದ ರಾಟನ್ ಎಂಬ ವಿದ್ವಾಂಸನು 1916ರಲ್ಲಿ ಕೊಡಗಿನ ವಿರಾಜಪೇಟೆಯ ಮಾದರಿಯನ್ನು ಆಧರಿಸಿ ದಕ್ಷಿಣ ಭಾರತದ ನರಿಗೆ ವೈಜ್ಞಾನಿಕ ಹೆಸರನ್ನು ಕೊಟ್ಟನು. ಇಂದು ಅದನ್ನು ‘ಕ್ಯಾನಿಸ್ ಆರಿಯಸ್ ನರಿಯಾ’ ಎಂದು ಬರೆಯುತ್ತಾರೆ. ಲ್ಯಾಟಿನ್ ಉಡುಪನ್ನು ತೊಟ್ಟಿದ್ದರೂ ಕೊನೆಯ ಪದ ನಮ್ಮ ‘ನರಿ’ಯೇ.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

‘ನರಿ’ ಎಂಬ ಒಂದೇ ಪದಕ್ಕೆ ಹೀಗೆ ಎರಡು ತಲೆಬುರುಡೆಗಳು ಸಾಕ್ಷಿಯಾಗಿವೆ. ಒಂದರಲ್ಲಿ ಎಲುಬನ್ನು ಸವೆಸಿ, ಸ್ಥಳ, ದಿನಗಳ ಗುರುತನ್ನೆಲ್ಲ ಅಳಿಸಿ, ಪ್ರಾಣಿಯಲ್ಲಿ ಇಲ್ಲದುದನ್ನು ತೋರಿಸಿದ್ದಾರೆ. ಇನ್ನೊಂದರಲ್ಲಿ ಇದ್ದುದನ್ನು ಇದ್ದಂತೆಯೇ ಉಳಿಸಿ ಊರಿನ ಹೆಸರನ್ನು ಬರೆದಿಟ್ಟಿದ್ದಾರೆ. ಮೊದಲನೆಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು; ನೂರು ವರ್ಷಗಳ ಬಳಿಕವೂ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು ಎರಡನೆಯದು. ಮಾತುಗಳನ್ನು ಸಂಗ್ರಹಿಸುವ ನಮಗೂ ಈ ವಿವೇಕ ಸಲ್ಲುತ್ತದೆ. ಗಾದೆಯನ್ನೋ ನಂಬಿಕೆಯನ್ನೋ ಕ್ಷೇತ್ರಕಾರ್ಯದಲ್ಲಿ ಕೇಳಿದಾಗ ಅದನ್ನು ನಮ್ಮ ಇಚ್ಛೆಗೆ ತಕ್ಕಂತೆ ಉಜ್ಜಿ ಚೂಪುಮಾಡದೆ, ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಹೇಳಿದರೆಂಬುದರ ಸಹಿತ ದಾಖಲಿಸಬೇಕು. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಹೆಸರನ್ನು ಪ್ರಕಟಿಸಬಾರದು.

ನರಿಯ ಕುರಿತ ನುಡಿಗಟ್ಟುಗಳು ನಮ್ಮ ಊರುಗಳಲ್ಲಿ ಇನ್ನೂ ಉಳಿದಿವೆ. ಬಳ್ಳು, ಕುನ್ನರಿ, ಗುಳ್ಳೆನರಿ ಎಂಬ ಪದಗಳು ಯಾವ ಸೀಮೆಯಲ್ಲಿ ಯಾವ ಪ್ರಾಣಿಯನ್ನು ಸೂಚಿಸುತ್ತವೆ? ನರಿಮುಖದ ಶುಭವನ್ನು ಹಿರಿಯರು ಹೇಗೆ ವಿವರಿಸುತ್ತಾರೆ? ಕಂಬಂ ಕಣಿವೆಯ ಕನ್ನಡಿಗರ ಮನೆಮಾತಿನಲ್ಲಿ ಆ ನುಡಿಗಟ್ಟಿನ ರೂಪ ಯಾವುದು? ವಾಗ್ರಿ ಬೋಲಿಯಲ್ಲಿ ನರಿಗೆ ಏನೆನ್ನುತ್ತಾರೆ, ಮತ್ತು ನರಿಯನ್ನು ಹಿಡಿದವರ ಮೊಮ್ಮಕ್ಕಳು ಈ ಕತೆಯನ್ನು ತಮ್ಮ ಬಾಯಿಂದ ಹೇಗೆ ಹೇಳುತ್ತಾರೆ? ಇವು ಕಿರುಪ್ರಬಂಧಗಳಿಗೆ ಯೋಗ್ಯವಾದ ಪ್ರಶ್ನೆಗಳು. ಕೊನೆಯ ಪ್ರಶ್ನೆಯಂತೂ ತಡಮಾಡದೆ ಕೇಳಬೇಕಾದುದು. ಏಕೆಂದರೆ ನರಿಕೊಂಬನ್ನು ಕುರಿತು ಅಧಿಕಾರಿಗಳು ಬರೆದದ್ದನ್ನೇ ನಾವು ಈವರೆಗೆ ಓದಿದ್ದೇವೆ. ಕೊಂಬನ್ನು ಮಾಡಿದ ಕೈಗಳ ಕಡೆಯವರ ಮಾತನ್ನು ಅವರ ಭಾಷೆಯಲ್ಲಿಯೇ ಕೇಳಿ ಬರೆಯುವ ಕೆಲಸ ನಮ್ಮ ಮುಂದಿದೆ.